ಚಿಕಾಗೊದ ಹಾಡು ಲಂಡನ್ನಿಗೆ ಹೋಗಿ ಬಂದ ಕತೆ

1964ರ ಏಪ್ರಿಲ್ 4ರ ಬಿಲ್‌ಬೋರ್ಡ್ ಚಾರ್ಟ್ ಒಂದ್ಸಲ ತೆಗೆದು ನೋಡಿ. ಅಮೆರಿಕದಲ್ಲಿ ಆ ವಾರ ಹೆಚ್ಚು ಓಡಿದ ನೂರು ಹಾಡುಗಳ ಪಟ್ಟಿ ಅದು. ಮೊದಲ ಐದು ಸ್ಥಾನವೂ ಬೀಟಲ್ಸ್‌ದು. ಕೆಳಗೆ ಅಲ್ಲಲ್ಲಿ ಅವರದೇ ಇನ್ನೂ ಏಳು. ಅದಕ್ಕೆ ಎರಡು ತಿಂಗಳು ಮುಂಚೆ, ಫೆಬ್ರವರಿ 9ರ ಭಾನುವಾರ ರಾತ್ರಿ, ಎಡ್ ಸಲಿವನ್ ಶೋನಲ್ಲಿ ಆ ನಾಲ್ಕು ಹುಡುಗರನ್ನ ಸುಮಾರು 7 ಕೋಟಿ 30 ಲಕ್ಷ ಜನ ಟೀವಿಯಲ್ಲಿ ನೋಡಿದ್ದರು. ಪತ್ರಿಕೆಗಳು ಈ ಗಲಾಟೆಗೆ 'ಬ್ರಿಟಿಷ್ ಇನ್ವೇಷನ್' ಅಂತ ಹೆಸರಿಟ್ಟವು. ಬ್ರಿಟಿಷರ ದಂಡಯಾತ್ರೆ.

ದಂಡಯಾತ್ರೆ ಅಂದ ಮೇಲೆ ಗೆದ್ದವರು, ಸೋತವರು ಇರಬೇಕಲ್ಲ? ಅದೇ ಚಾರ್ಟಿನಲ್ಲಿ ಹಾಡಿನ ಹೆಸರು ಬಿಟ್ಟು ರೆಕಾರ್ಡ್ ಕಂಪನಿಯ ಹೆಸರು ಓದಿ. ಒಂದನೇದು, ನಾಲ್ಕನೇದು ಕ್ಯಾಪಿಟಲ್. ಮೂರನೇದು ಫಿಲಡೆಲ್ಫಿಯಾದ ಸ್ವಾನ್. ಎರಡನೇದು ಟಾಲಿ, ಐದನೇದು ವೀ-ಜೇ. ಟಾಲಿ ಕೂಡ ವೀ-ಜೇಯವರದೇ ಇನ್ನೊಂದು ಲೇಬಲ್. ವೀ-ಜೇ ನಮ್ಮ ಚಿಕಾಗೊದ್ದು, ಆಫ್ರಿಕನ್ ಅಮೆರಿಕನ್ ದಂಪತಿ ಕಟ್ಟಿದ ಕಂಪನಿ. ಇನ್ನು ಎರಡನೇ ಸ್ಥಾನದಲ್ಲಿದ್ದ 'ಟ್ವಿಸ್ಟ್ ಅಂಡ್ ಶೌಟ್' ಬೀಟಲ್ಸ್ ಬರೆದ ಹಾಡೇ ಅಲ್ಲ. ಬರೆದವರು ಇಬ್ಬರು ಅಮೆರಿಕನ್ನರು, 1962ರಲ್ಲಿ ಅದನ್ನ ಹಾಡಿ ಗೆಲ್ಲಿಸಿದವರು ಐಸ್ಲಿ ಬ್ರದರ್ಸ್. ಅಂದ್ರೆ ಅಮೆರಿಕದ ಹಾಡು, ಲಿವರ್‌ಪೂಲಿನ ಗಂಟಲು, ಚಿಕಾಗೊದ ಅಂಗಡಿ. ಇದರಲ್ಲಿ ಯಾರು ಯಾರ ಮೇಲೆ ದಂಡೆತ್ತಿ ಬಂದ ಹಾಗಾಯ್ತು?

ಬ್ರಿಟನ್ ಮತ್ತು ಅಮೆರಿಕದ ಪಾಪ್ ಸಂಗೀತದ ಪೈಪೋಟಿ ಬಗ್ಗೆ ಈ ತಿಂಗಳ ಎಪಿಸೋಡಿನಲ್ಲಿ ಮಾತಾಡಿದ್ದೀವಿ. ಅಲ್ಲಿ ಸಮಯ ಸಾಲದೆ ಬಿಟ್ಟ ಒಂದು ವಿಷಯ ಇಲ್ಲಿ ಬರೀತಾ ಇದ್ದೀನಿ. ಆ ಪೈಪೋಟಿಯ ಅರ್ಧ ಸರಕು ಹೋದದ್ದು ನಾವು ನೇಪರ್‌ವಿಲ್‌ನಿಂದ ಒಂದು ಗಂಟೆಯಲ್ಲಿ ಮುಟ್ಟಬಹುದಾದ ಬೀದಿಗಳಿಂದ, ಮತ್ತೆ ಐದು ಗಂಟೆ ಕಾರು ಓಡಿಸಿದರೆ ಸಿಗುವ ಡೆಟ್ರಾಯಿಟಿನಿಂದ. ಹೋದ ಸರಕು ಇಂಗ್ಲಿಷ್ ಬಟ್ಟೆ ಹಾಕಿಕೊಂಡು ವಾಪಸ್ ಬಂದಾಗ ಊರಿನವರೇ ಅದನ್ನ ಹೊರಗಿನ ಮಾಲು ಅಂತ ದುಡ್ಡು ಕೊಟ್ಟು ಕೊಂಡರು.

ಮೊದಲು ವೀ-ಜೇ ಕತೆ ಮುಗಿಸ್ತೀನಿ, ಸ್ವಲ್ಪ ಬೇಜಾರಿನ ಕತೆ. ಡೆಟ್ರಾಯಿಟ್ ಕಡೆ ಹೋಗುವಾಗ ಇಂಡಿಯಾನಾದ ಗ್ಯಾರಿ ಅನ್ನೋ ಉಕ್ಕಿನ ಕಾರ್ಖಾನೆಗಳ ಊರು ದಾಟಿ ಹೋಗ್ತೀವಲ್ಲ, ಅಲ್ಲಿ 1953ರಲ್ಲಿ ವಿವಿಯನ್ ಕಾರ್ಟರ್ ಮತ್ತು ಜೇಮ್ಸ್ ಬ್ರಾಕನ್ ಈ ಕಂಪನಿ ಶುರು ಮಾಡಿದರು. ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿಸಿ ವೀ-ಜೇ. ಬೇಗನೆ ಚಿಕಾಗೊಗೆ ಬಂದು ಸೌತ್ ಮಿಷಿಗನ್ ಅವೆನ್ಯೂನಲ್ಲಿ ಕಚೇರಿ ಮಾಡಿದರು. 1963ರಲ್ಲಿ ಬೀಟಲ್ಸ್ ಹಾಡುಗಳನ್ನ ಅಮೆರಿಕದಲ್ಲಿ ಹೊರತರೋದಕ್ಕೆ ಅವರ ಬ್ರಿಟಿಷ್ ಕಂಪನಿ ಇಎಂಐ ತನ್ನದೇ ಕೈಕೆಳಗಿನ ಕ್ಯಾಪಿಟಲ್‌ಗೆ ಹೇಳಿತು. ಕ್ಯಾಪಿಟಲ್ ಬೇಡ ಅಂದಿತು. ಆಗ ಕೈ ಚಾಚಿದ್ದು ವೀ-ಜೇ. ಆ ವರ್ಷದ ಫೆಬ್ರವರಿಯಲ್ಲಿ 'ಪ್ಲೀಸ್ ಪ್ಲೀಸ್ ಮಿ' ಹೊರಬಂತು. ಮೊದಲ ಪ್ರತಿಗಳಲ್ಲಿ ತಂಡದ ಹೆಸರಲ್ಲೇ ಒಂದು 'ಟಿ' ಜಾಸ್ತಿ ಬಿದ್ದಿತ್ತು. ಚಿಕಾಗೊದ ಡಬ್ಲ್ಯುಎಲ್‌ಎಸ್ ರೇಡಿಯೋ ಅದನ್ನ ಹಾಕಿತು. ಆದರೆ ಹಾಡು ಓಡಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಾರ್ಜ್ ಹ್ಯಾರಿಸನ್ ನಮ್ಮ ರಾಜ್ಯದ ದಕ್ಷಿಣ ತುದಿಯ ಬೆಂಟನ್ ಊರಲ್ಲಿದ್ದ ಅಕ್ಕನ ಮನೆಗೆ ಬಂದು ಉಳಿದುಕೊಂಡಿದ್ದರು. ಬ್ರಿಟನ್ನಿನಲ್ಲಿ ಆಗಲೇ ಬೀದಿಗೆ ಇಳಿದರೆ ಜನ ಮುತ್ತಿಕೊಳ್ತಿದ್ದ ಮನುಷ್ಯ ಇಲ್ಲಿ ಆರಾಮಾಗಿ ಅಂಗಡಿ ಸುತ್ತಿ, ಒಂದು ಗಿಟಾರ್ ಕೊಂಡು ವಾಪಸ್ ಹೋದರು. ಐದು ತಿಂಗಳ ನಂತರ ಎಲ್ಲ ಬದಲಾಯ್ತು. ಗೋದಾಮಿನಲ್ಲಿದ್ದ ಬೀಟಲ್ಸ್ ಹಾಡುಗಳನ್ನ ವೀ-ಜೇ ಲಕ್ಷಗಟ್ಟಲೆ ಮಾರಿತು. ಆದರೆ ಕಂಪನಿಯ ಲೆಕ್ಕಪತ್ರ ಮೊದಲೇ ಹದಗೆಟ್ಟಿತ್ತು, ಕೊಡಬೇಕಾದ ರಾಯಲ್ಟಿ ಕೊಟ್ಟಿರಲಿಲ್ಲ, ಹಕ್ಕಿನ ಮೇಲೆ ಕೋರ್ಟ್ ಕೇಸು. 1966ರಲ್ಲಿ ದಿವಾಳಿ. ಬೀಟಲ್ಸ್‌ನ ಎಲ್ಲರಿಗಿಂತ ಮೊದಲು ಗುರುತಿಸಿದ ಅಮೆರಿಕನ್ ಕಂಪನಿ ಬೀಟಲ್ಸ್ ಇರುವಾಗಲೇ ಮುಚ್ಚಿಹೋಯ್ತು.

ವೀ-ಜೇ ಕಚೇರಿಯಿಂದ ಅದೇ ಬೀದಿಯಲ್ಲಿ ದಕ್ಷಿಣಕ್ಕೆ ನಡೆದರೆ 2120ನೇ ನಂಬರಿನ ಎರಡಂತಸ್ತಿನ ಕಟ್ಟಡ. ಚೆಸ್ ರೆಕಾರ್ಡ್ಸ್. ಲಿಯನಾರ್ಡ್ ಮತ್ತು ಫಿಲ್ ಚೆಸ್ ಪೋಲೆಂಡಿನಿಂದ 1928ರಲ್ಲಿ ಚಿಕ್ಕ ಹುಡುಗರಾಗಿ ಬಂದ ಯಹೂದಿ ಅಣ್ಣತಮ್ಮಂದಿರು. ಅವರ ದೊಡ್ಡ ಕಲಾವಿದ ಮಡ್ಡಿ ವಾಟರ್ಸ್ ಕೂಡ ವಲಸೆಗಾರನೇ. 1943ರಲ್ಲಿ ಮಿಸಿಸಿಪಿಯ ಹತ್ತಿಹೊಲ ಬಿಟ್ಟು ರೈಲು ಹತ್ತಿ ಬಂದವರು. 1910ರಿಂದ 1970ರವರೆಗೆ ಹೀಗೆ ದಕ್ಷಿಣದಿಂದ ಉತ್ತರಕ್ಕೂ ಪಶ್ಚಿಮಕ್ಕೂ ಬಂದ ಕಪ್ಪು ಅಮೆರಿಕನ್ನರು ಸುಮಾರು 60 ಲಕ್ಷ. ಊರಲ್ಲಿ ಮನೆ ಜಗಲಿಯ ಮೇಲೆ ಕೂತು ನುಡಿಸ್ತಿದ್ದ ಗಿಟಾರ್ ಚಿಕಾಗೊದ ಗದ್ದಲದ ಬಾರುಗಳಲ್ಲಿ ಯಾರಿಗೂ ಕೇಳಿಸ್ತಿರಲಿಲ್ಲ. ಮಡ್ಡಿ ಅದಕ್ಕೆ ಕರೆಂಟ್ ಕೊಟ್ಟರು. ಚಿಕಾಗೊ ಬ್ಲೂಸ್ ಅಂತ ಈಗ ಕರೆಯೋದು ಅದನ್ನೇ. ಊರಿನ ರಾಗ, ನಗರದ ಸದ್ದು.

1958ರಲ್ಲಿ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಹೋದರು. ಅಲ್ಲಿನವರಿಗೆ ಬ್ಲೂಸ್ ಅಂದ್ರೆ ಒಬ್ಬ ಮುದುಕ, ಒಂದು ಮರದ ಗಿಟಾರ್, ಮೆಲ್ಲಗಿನ ದುಃಖ. ಈ ಮನುಷ್ಯ ಎಲೆಕ್ಟ್ರಿಕ್ ಗಿಟಾರ್ ಜೋರಾಗಿ ಬಾರಿಸಿದಾಗ ಕೆಲವರಿಗೆ ಕಿವಿ ಮುಚ್ಚಿಕೊಳ್ಳೋ ಹಾಗಾಯ್ತು. 'ಓಹೋ, ಇವರಿಗೆ ಇದು ಬೇಡ' ಅಂದುಕೊಂಡು ಮಡ್ಡಿ 1963ರಲ್ಲಿ ಮತ್ತೆ ಹೋದಾಗ ಮರದ ಗಿಟಾರ್ ತಗೊಂಡು ಹೋದರು. ಅಷ್ಟರಲ್ಲಿ ಅಲ್ಲಿನ ಹುಡುಗರೆಲ್ಲ ಎಲೆಕ್ಟ್ರಿಕ್ ಹಿಡಿದು ಕೂತಿದ್ದರು! 'ಎಲ್ಲಿ ನಿಮ್ಮ ಕರೆಂಟ್ ಗಿಟಾರ್?' ಅಂತ ಅವರಿಗೆ ನಿರಾಸೆ. ಇಡೀ ಪೈಪೋಟಿಯಲ್ಲಿ ನನಗೆ ತುಂಬ ಇಷ್ಟವಾದ ಪ್ರಸಂಗ ಇದು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಸೋಕೆ ಹೊರಟು ದಾರಿಯಲ್ಲಿ ಅದಲು ಬದಲಾಗಿದ್ದರು.

1958ರಲ್ಲಿ ಕಿವಿ ಮುಚ್ಚಿಕೊಳ್ಳದ ಇಬ್ಬರು, ಅಲೆಕ್ಸಿಸ್ ಕಾರ್ನರ್ ಮತ್ತು ಸಿರಿಲ್ ಡೇವಿಸ್, 1962ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಒಂದು ಬ್ಲೂಸ್ ಕ್ಲಬ್ ತೆರೆದರು. ರೋಲಿಂಗ್ ಸ್ಟೋನ್ಸ್ ಹುಡುಗರು ಒಟ್ಟು ಸೇರಿದ್ದು ಅಲ್ಲಿ. ಅದಕ್ಕೂ ಮುಂಚೆ, 1961ರ ಅಕ್ಟೋಬರಿನಲ್ಲಿ, ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ಕಣ್ಣಿಗೆ ಮಿಕ್ ಜಾಗರ್ ಬಿದ್ದರು. ಜಾಗರ್ ಕಂಕುಳಲ್ಲಿ ಚಕ್ ಬೆರ್ರಿ ಮತ್ತು ಮಡ್ಡಿ ವಾಟರ್ಸ್ ರೆಕಾರ್ಡುಗಳಿದ್ದವು. ಎರಡೂ ಚೆಸ್‌ನವರದು. ಜಾಗರ್ ಇಂಥ ರೆಕಾರ್ಡುಗಳನ್ನ ಚಿಕಾಗೊಗೆ ಕಾಗದ ಬರೆದು ಅಂಚೆಯಲ್ಲಿ ತರಿಸಿಕೊಳ್ತಿದ್ದರು. ತಂಡದ ಹೆಸರೂ ಮಡ್ಡಿಯ 1950ರ ಒಂದು ಹಾಡಿನಿಂದ ತೆಗೆದದ್ದು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಡಾರ್ಟ್‌ಫರ್ಡಿನ ಹುಡುಗನಿಗೆ ಕೇಳಿಸಿದ್ದು ನೇಪರ್‌ವಿಲ್ ಹುಡುಗನಿಗೆ ಯಾಕೆ ಕೇಳಿಸಲಿಲ್ಲ? ಆಗ ನೇಪರ್‌ವಿಲ್ ಹದಿಮೂರು ಸಾವಿರ ಜನರ ಸಣ್ಣ ಊರು. ಬೆಲ್ ಲ್ಯಾಬ್ಸ್ ಬಂದದ್ದೇ 1966ರಲ್ಲಿ, ನಮ್ಮಂಥವರು ಬಂದದ್ದು ಇನ್ನೂ ತಡವಾಗಿ. ಚೆಸ್ ಕಟ್ಟಡ ಇಲ್ಲಿಂದ ಮೂವತ್ತು ಮೈಲಿ, ಡಾರ್ಟ್‌ಫರ್ಡಿನಿಂದ ನಾಲ್ಕು ಸಾವಿರ ಮೈಲಿ. ಆದರೆ ಅಮೆರಿಕದಲ್ಲಿ ಬಡಾವಣೆ ಬೇರೆ, ಶಾಲೆ ಬೇರೆ, ರೇಡಿಯೋ ಸ್ಟೇಷನ್ ಬೇರೆ, ಕೊನೆಗೆ ಹಾಡಿನ ಚಾರ್ಟೂ ಬೇರೆ. ಕಪ್ಪು ಜನರ ಸಂಗೀತದ ಪಟ್ಟಿಯನ್ನ ಬಿಲ್‌ಬೋರ್ಡ್ 1949ರವರೆಗೆ 'ರೇಸ್ ರೆಕಾರ್ಡ್ಸ್' ಅಂತಲೇ ಕರೀತಿತ್ತು. ಆಮೇಲೆ ಹೆಸರು ಬದಲಾಗಿ 'ರಿದಮ್ ಅಂಡ್ ಬ್ಲೂಸ್' ಆಯ್ತು, ಗೋಡೆ ಮಾತ್ರ ಅಲ್ಲೇ ಇತ್ತು. ಇಂಗ್ಲೆಂಡಿನ ಹುಡುಗನಿಗೆ ಈ ಗೋಡೆ ಗೊತ್ತೇ ಇರಲಿಲ್ಲ. ಅಂಚೆಯಲ್ಲಿ ಬಂದ ರೆಕಾರ್ಡಿನ ಜೊತೆ ಅದು ಯಾವ ಬೀದಿಯಿಂದ ಬಂತು ಅನ್ನೋ ತಿರಸ್ಕಾರ ಬರೋದಿಲ್ಲವಲ್ಲ. ಇಂಗ್ಲಿಷರು ನಮಗಿಂತ ಉದಾರಿಗಳು ಅಂತ ನಾನು ಹೇಳ್ತಿಲ್ಲ. ಅವರ ಊರಿಗೇ ಬಂದ ಕೆರಿಬಿಯನ್ ವಲಸಿಗರನ್ನ ಅವರು ನಡೆಸಿಕೊಂಡ ರೀತಿ ಬೇರೆಯೇ ಕತೆ.

ಇದಕ್ಕೆ ಹತ್ತಿರದ ಉದಾಹರಣೆ ನಮ್ಮ ನಾಡಲ್ಲೇ ಇದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಉತ್ತರದ ಉಸ್ತಾದರು. ಮೈಸೂರು ಅರಮನೆಗೆ ಬಂದು ಹೋಗ್ತಾ ಕರ್ನಾಟಕ ಸಂಗೀತವನ್ನ ಕಿವಿಗೊಟ್ಟು ಕೇಳಿದರು, ಅಲ್ಲಿನ ಸ್ವರ ಹಾಡುವ ಕ್ರಮವನ್ನ ತಮ್ಮ ಗಾಯನಕ್ಕೆ ತಂದರು, ತ್ಯಾಗರಾಜರ ಕೃತಿಯನ್ನೂ ರೆಕಾರ್ಡ್ ಮಾಡಿದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್, ಅವರ ತಾಯಿ ಅಂಬಾಬಾಯಿ ಹಾಡ್ತಿದ್ದದ್ದು ಕರ್ನಾಟಕ ಸಂಗೀತ. ಇನ್ನು ಗದಗಿನ ಹುಡುಗ ಭೀಮಸೇನ ಜೋಶಿ ಕರೀಂ ಖಾನರ ಒಂದು ರೆಕಾರ್ಡ್ ಕೇಳಿ ಹುಚ್ಚು ಹಿಡಿದು, 1933ರಲ್ಲಿ ಹನ್ನೊಂದನೇ ವಯಸ್ಸಿಗೆ ಗುರುವನ್ನ ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದದ್ದು ನಿಮಗೆ ಗೊತ್ತೇ ಇರುತ್ತೆ. ಒಂದು ಕಪ್ಪು ತಟ್ಟೆ ಒಬ್ಬ ಹುಡುಗನಿಗೆ ಏನು ಮಾಡಬಲ್ಲದು ಅನ್ನೋದರಲ್ಲಿ ಗದಗಿಗೂ ಡಾರ್ಟ್‌ಫರ್ಡಿಗೂ ಅಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಮುಂದಿನದರಲ್ಲಿದೆ. ಭೀಮಸೇನರು ತಮ್ಮ ಗುರುಪರಂಪರೆಯ ಹೆಸರು ಹೇಳಿಕೊಂಡೇ ಹಾಡಿದರು. ಲಂಡನ್ನಿನಲ್ಲಿ ಎಲ್ಲರೂ ಹಾಗೆ ಮಾಡಲಿಲ್ಲ. ಅಲ್ಲಿಗೆ ಆಮೇಲೆ ಬರ್ತೀನಿ.

1964ರ ಜೂನ್ 10 ಮತ್ತು 11ರಂದು ರೋಲಿಂಗ್ ಸ್ಟೋನ್ಸ್ ಚೆಸ್ ಸ್ಟುಡಿಯೋಗೇ ಬಂದು ರೆಕಾರ್ಡ್ ಮಾಡಿದರು. ಭಕ್ತರು ಕ್ಷೇತ್ರಕ್ಕೆ ಬಂದ ಹಾಗೆ. ಇಂಗ್ಲೆಂಡಿನಲ್ಲಿ ಅವರಿಗೆ ಮೊದಲ ಸಲ ಒಂದನೇ ಸ್ಥಾನ ತಂದುಕೊಟ್ಟ ಹಾಡು ಈ ಎರಡು ದಿನದಲ್ಲಿ ಆದದ್ದು, ಅದೂ ಕಪ್ಪು ಅಮೆರಿಕನ್ ತಂಡವೊಂದರ ಹಾಡು. ಒಂದು ವಾದ್ಯಸಂಗೀತಕ್ಕೆ ಕಟ್ಟಡದ ವಿಳಾಸವನ್ನೇ ಹೆಸರಾಗಿ ಇಟ್ಟರು. ತಾವು ಒಳಗೆ ಹೋದಾಗ ಮಡ್ಡಿ ವಾಟರ್ಸ್ ಏಣಿ ಹತ್ತಿ ಗೋಡೆಗೆ ಬಣ್ಣ ಬಳೀತಿದ್ದರು ಅಂತ ಕೀತ್ ರಿಚರ್ಡ್ಸ್ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಾರೆ. ಲಿಯನಾರ್ಡ್ ಚೆಸ್ ಮಗ ಮಾರ್ಷಲ್ ಅಂಥದ್ದು ನಡೆದೇ ಇಲ್ಲ ಅಂತಾರೆ. ನನ್ನ ವೋಟು ಮಾರ್ಷಲ್‌ಗೆ. ತನ್ನ ಗುರುವನ್ನ ಬಡಪಾಯಿ ಮಾಡಿ ತೋರಿಸೋ ಕತೆ ಹೇಳೋಕೆ ಚೆನ್ನಾಗಿರುತ್ತೆ. ಆದರೆ ಮಡ್ಡಿ ಯಾವಾಗ ನೋಡಿದರೂ ಸೂಟು ಹಾಕಿಕೊಂಡು ಠೀವಿಯಲ್ಲಿ ಇರ್ತಿದ್ದ ಮನುಷ್ಯ.

ಮರುವರ್ಷ ಮೇ ತಿಂಗಳಲ್ಲಿ 'ಶಿಂಡಿಗ್' ಅನ್ನೋ ಟೀವಿ ಕಾರ್ಯಕ್ರಮಕ್ಕೆ ಸ್ಟೋನ್ಸ್‌ನ ಕರೆದಾಗ ಅವರು ಹೌಲಿನ್ ವುಲ್ಫ್ ಕೂಡ ಬರಬೇಕು ಅಂದರು. ಚೆಸ್‌ನ ಇನ್ನೊಬ್ಬ ದಿಗ್ಗಜ, ಆಗಲೇ ಐವತ್ತು ದಾಟಿದ್ದವರು. ಅವರು ಹಾಡುವಾಗ ಸ್ಟೋನ್ಸ್ ಕಾಲ ಬಳಿ ಕೂತು ಕೇಳಿದರು. ಆ ಹತ್ತು ಹದಿನೈದು ವರ್ಷ ವುಲ್ಫ್ ಹಾಡ್ತಿದ್ದದ್ದು ಚಿಕಾಗೊದಲ್ಲೇ. ಅಮೆರಿಕದ ಎಷ್ಟೋ ಮನೆಗಳ ಟೀವಿಗೆ ಅವರನ್ನ ಕರೆದುಕೊಂಡು ಬರೋಕೆ ಮಾತ್ರ ಇಂಗ್ಲೆಂಡಿನ ಹುಡುಗರು ಬೇಕಾಯ್ತು.

ಡೇಟಾ ನನ್ನ ಹೊಟ್ಟೆಪಾಡು, ಹಾಗಾಗಿ ಒಂದು ಸಣ್ಣ ಚಾರ್ಟ್ ವಿಷಯ ಹೇಳದೆ ಮುಂದೆ ಹೋಗಲಾರೆ. ದಂಡಯಾತ್ರೆಯಿಂದ ಕಪ್ಪು ಕಲಾವಿದರಿಗೆ ನಷ್ಟ ಆಯ್ತಾ, ಲಾಭ ಆಯ್ತಾ? ಲೆಕ್ಕ ಹಾಕೋಣ ಅಂತ ಬಿಲ್‌ಬೋರ್ಡಿನ ರಿದಮ್ ಅಂಡ್ ಬ್ಲೂಸ್ ಪಟ್ಟಿ ತೆಗೆದರೆ, 1963ರ ನವೆಂಬರ್ ಕೊನೆಯಿಂದ 1965ರ ಜನವರಿವರೆಗೆ ಪಟ್ಟಿಯೇ ಇಲ್ಲ. ಎರಡು ಪಟ್ಟಿಯಲ್ಲೂ ಒಂದೇ ಹಾಡುಗಳು ಬರೋಕೆ ಶುರುವಾಗಿತ್ತು, ಹಾಗಾಗಿ ಪತ್ರಿಕೆ ಒಂದನ್ನ ನಿಲ್ಲಿಸಿತ್ತು. ಬೀಟಲ್ಸ್ ಬಂದಿಳಿದ ಇಡೀ ವರ್ಷ ಆ ಕಾಲಂ ಖಾಲಿ! ಇತಿಹಾಸಕಾರರು ಈಗ ಆ ತೂತಿಗೆ ಕ್ಯಾಶ್ ಬಾಕ್ಸ್ ಅನ್ನೋ ಇನ್ನೊಂದು ಪತ್ರಿಕೆಯ ಪಟ್ಟಿಯಿಂದ ತೇಪೆ ಹಾಕ್ತಾರೆ. ಯಾರು ಸೋತರು ಅಂತ ಖಚಿತವಾಗಿ ಹೇಳೋರನ್ನ ಕಂಡಾಗ ನನಗೆ ಈ ಖಾಲಿ ಕಾಲಂ ನೆನಪಾಗುತ್ತೆ.

ಈಗ ಡೆಟ್ರಾಯಿಟ್. ಅಲ್ಲಿ ಸೋಲಿನ ಮಾತೇ ಇಲ್ಲ. ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತಗೊಂಡು ಮೋಟೌನ್ ಶುರು ಮಾಡಿದರು. ವೆಸ್ಟ್ ಗ್ರಾಂಡ್ ಬುಲೆವಾರ್ಡಿನ ಒಂದು ಸಾಧಾರಣ ಮನೆ, ಅದೇ ಸ್ಟುಡಿಯೋ. ಕಾರ್ಖಾನೆಯ ಹಾಗೇ ವಾರಕ್ಕೊಮ್ಮೆ ಗುಣಮಟ್ಟದ ಮೀಟಿಂಗ್. ಯಾವ ಹಾಡು ಹೊರಗೆ ಹೋಗಬೇಕು, ಯಾವುದು ಬೇಡ ಅಂತ ಅಲ್ಲಿ ತೀರ್ಮಾನ. 1963ರ ಕೊನೆಗೆ ಬೀಟಲ್ಸ್ ತಮ್ಮ ಎರಡನೇ ಆಲ್ಬಮ್ಮಿನಲ್ಲಿ ಮೋಟೌನಿನ ಮೂರು ಹಾಡು ಹಾಡಿದರು. ಹಾಡಿಗೆ ಎರಡು ಸೆಂಟ್ ಹಕ್ಕಿನ ದರ ಇದ್ದದ್ದನ್ನ ಒಂದೂವರೆಗೆ ಇಳಿಸಿ ಅಂತ ಬೀಟಲ್ಸ್ ಕಡೆಯವರು ಚೌಕಾಸಿ ಮಾಡಿದರು, ತಾನು ಒಪ್ಪಿಕೊಂಡೆ ಅಂತ ಗಾರ್ಡಿ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ. ಮುಂದೆ ಮಾರಾಟವಾದ ಪ್ರತಿಗಳನ್ನ ನೆನೆಸಿಕೊಂಡರೆ ಆ ಅರ್ಧ ಸೆಂಟ್ ಸಣ್ಣ ಮೊತ್ತವೇನಲ್ಲ.

ಆದರೆ ಗಾರ್ಡಿ ವ್ಯಾಪಾರಿ, ಎದುರಾಳಿಯ ಪ್ರಚಾರ ತನಗೂ ಪ್ರಚಾರ ಅಂತ ಗೊತ್ತಿತ್ತು. ಬೀಟಲ್ಸ್ ಮೆಚ್ಚಿದ ಮೋಟೌನ್ ಗಾಯಕಿ ಮೇರಿ ವೆಲ್ಸ್ 1964ರ ಶರತ್ಕಾಲದಲ್ಲಿ ಅವರ ಜೊತೆ ಬ್ರಿಟನ್ ಪ್ರವಾಸ ಮಾಡಿದರು. ಆಗಸ್ಟಿನಲ್ಲಿ ಸುಪ್ರೀಮ್ಸ್ ಎಂಬ ಮೂವರು ಹುಡುಗಿಯರು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಬಂದರು. ನವೆಂಬರಿನಲ್ಲಿ ಬ್ರಿಟನ್ನಿನಲ್ಲೂ ಅವರದೇ ಹಾಡು ಒಂದನೇದು. ಏಪ್ರಿಲ್‌ನಲ್ಲಿ ಅಲ್ಲಿಯವರು ಇಲ್ಲಿ ಮೇಲೆ, ನವೆಂಬರ್‌ನಲ್ಲಿ ಇಲ್ಲಿಯವರು ಅಲ್ಲಿ ಮೇಲೆ. ಅದೇ ವರ್ಷ ಸುಪ್ರೀಮ್ಸ್ ಬ್ರಿಟಿಷ್ ಹಾಡುಗಳನ್ನ ಹಾಡಿ 'ಎ ಬಿಟ್ ಆಫ್ ಲಿವರ್‌ಪೂಲ್' ಅನ್ನೋ ಆಲ್ಬಮ್ ಮಾಡಿದರು. ಅದರಲ್ಲಿ ಒಂದೆರಡು ಹಾಡು ಮೊದಲು ಮೋಟೌನಿನದೇ! ಡೆಟ್ರಾಯಿಟಿನ ಹಾಡನ್ನ ಲಿವರ್‌ಪೂಲಿನ ಹಾಡು ಅಂತ ಡೆಟ್ರಾಯಿಟಿನವರೇ ಹಾಡಿ ಮಾರಿದರು.

1965ರ ಮಾರ್ಚಿನಲ್ಲಿ ಮೋಟೌನ್ ಕಲಾವಿದರೆಲ್ಲ ಬಸ್ಸು ಹತ್ತಿ ಬ್ರಿಟನ್ ಸುತ್ತಿದರು. ಎಷ್ಟೋ ಊರುಗಳಲ್ಲಿ ಅರ್ಧ ಹಾಲ್ ಖಾಲಿ. ಅದನ್ನ ಸರಿ ಮಾಡಿದ್ದು ಇಂಗ್ಲಿಷ್ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್. ಸ್ವತಃ ಸ್ಟಾರ್ ಆಗಿದ್ದವರು, ಇವರಿಗಾಗಿ ಒಂದು ವಿಶೇಷ ಟೀವಿ ಕಾರ್ಯಕ್ರಮ ನಡೆಸಿಕೊಟ್ಟು ಇಡೀ ಬ್ರಿಟನ್ನಿಗೆ ಮೋಟೌನ್ ಪರಿಚಯ ಮಾಡಿಸಿದರು. ಸ್ನೇಹದ ಪೈಪೋಟಿ ಅನ್ನೋ ಮಾತು ಯಾರಿಗಾದರೂ ಸರಿಯಾಗಿ ಒಪ್ಪೋದಾದರೆ ಡಸ್ಟಿಗೆ.

ಪೈಪೋಟಿ ಅಂದ ಕೂಡಲೇ ಎಲ್ಲರೂ ಹೇಳೋ ಇನ್ನೊಂದು ಜೋಡಿ ಬೀಚ್ ಬಾಯ್ಸ್ ಮತ್ತು ಬೀಟಲ್ಸ್. 1965ರ 'ರಬ್ಬರ್ ಸೋಲ್' ಕೇಳಿ ಬ್ರಯನ್ ವಿಲ್ಸನ್ 1966ರಲ್ಲಿ 'ಪೆಟ್ ಸೌಂಡ್ಸ್' ಮಾಡಿದರು, ಅದನ್ನ ಕೇಳಿ ಬೀಟಲ್ಸ್ 1967ರಲ್ಲಿ 'ಸಾರ್ಜೆಂಟ್ ಪೆಪ್ಪರ್'. ಇದರ ಬಗ್ಗೆ ಬೇಕಾದಷ್ಟು ಪುಸ್ತಕ ಇವೆ. ಒಂದೇ ಮಾತು ಸೇರಿಸ್ತೀನಿ. ಬೀಚ್ ಬಾಯ್ಸ್‌ಗೆ ಹೆಸರು ತಂದ 1963ರ 'ಸರ್ಫಿನ್ ಯುಎಸ್ಎ' ಧಾಟಿ ಚಕ್ ಬೆರ್ರಿಯದು, ಅಂದ್ರೆ ಚೆಸ್‌ನದು. ಕ್ಯಾಲಿಫೋರ್ನಿಯಾದ ಸಮುದ್ರತೀರದ ಹಾಡೂ ಮಿಷಿಗನ್ ಅವೆನ್ಯೂ ದಾಟಿಯೇ ಹೋಗಿತ್ತು.

ಇನ್ನು ದುಡ್ಡಿನ ವಿಷಯ. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಹಾಡಿದ ಎಷ್ಟೋ ಹಾಡು ಬರೆದವರು ವಿಲ್ಲಿ ಡಿಕ್ಸನ್, ಚೆಸ್‌ನಲ್ಲಿ ಬಾಸ್ ನುಡಿಸ್ತಿದ್ದ ಭಾರೀ ಆಳು. ಅವರ ಒಂದು ಹಾಡು 1964ರ ಕೊನೆಗೆ ಸ್ಟೋನ್ಸ್ ಬಾಯಲ್ಲಿ ಬ್ರಿಟನ್ನಿನ ಒಂದನೇ ಸ್ಥಾನಕ್ಕೆ ಹೋಯ್ತು, ಅಲ್ಲಿ ಡಿಕ್ಸನ್ ಹೆಸರಿತ್ತು. ಆದರೆ 1969ರಲ್ಲಿ ಲೆಡ್ ಝೆಪೆಲಿನ್ ತಂಡದ 'ಹೋಲ್ ಲಾಟಾ ಲವ್' ಬಂದಾಗ ಅದರಲ್ಲಿ ಡಿಕ್ಸನ್ನರ ಹಾಡಿನ ಸಾಲುಗಳ ನೆರಳಿತ್ತು, ಹೆಸರಿರಲಿಲ್ಲ. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದರು, 1987ರಲ್ಲಿ ರಾಜಿಯಾಯ್ತು. ಇಂಗ್ಲಿಷರ ಮೇಲೆ ಮಾತ್ರ ಬೆರಳು ತೋರಿಸಿದರೆ ಅನ್ಯಾಯ. ಮಡ್ಡಿ ಮತ್ತು ಡಿಕ್ಸನ್ ಇಬ್ಬರೂ ಚೆಸ್‌ನವರ ಹಾಡಿನ ಹಕ್ಕಿನ ಕಂಪನಿ ಆರ್ಕ್ ಮ್ಯೂಸಿಕ್ ಮೇಲೂ 1970ರ ದಶಕದಲ್ಲಿ ಕೇಸು ಹಾಕಬೇಕಾಯ್ತು. ಡೆಟ್ರಾಯಿಟಿನಲ್ಲೂ ಅದೇ ಕತೆ. ಜೇಮ್ಸ್ ಜೇಮರ್ಸನ್ ಬಾಸ್ ಕೇಳಿ ಪಾಲ್ ಮೆಕಾರ್ಟ್ನಿ ಕಲಿತರು, ಹಾಗಂತ ಹೇಳಿಕೊಂಡೂ ಇದ್ದಾರೆ. ಆದರೆ ಮೋಟೌನ್ ತನ್ನ ವಾದ್ಯಗಾರರ ಹೆಸರನ್ನ ಆಲ್ಬಮ್ಮಿನ ಮೇಲೆ ಹಾಕಿದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ. ಅಲ್ಲಿವರೆಗೆ ಡಸನ್‌ಗಟ್ಟಲೆ ಒಂದನೇ ಸ್ಥಾನದ ಹಾಡುಗಳ ಬಾಸ್ ಯಾರದು ಅಂತ ಕೊಂಡವರಿಗೆ ಗೊತ್ತಿರಲಿಲ್ಲ. ಹೆಸರು ಹಾಕೋದು ಎಲ್ಲಕ್ಕಿಂತ ಅಗ್ಗದ ಸಂಬಳ. ಅದನ್ನೂ ಕೊಡದವರು ಕಡಲಿನ ಎರಡೂ ದಡದಲ್ಲಿದ್ದರು.

ಡಿಕ್ಸನ್ ತಮಗೆ ಬಂದ ದುಡ್ಡಿನಲ್ಲಿ ವಯಸ್ಸಾದ ಬ್ಲೂಸ್ ಕಲಾವಿದರಿಗೆ ಅವರ ಹಾಡಿನ ಹಕ್ಕು ಕೊಡಿಸೋಕೆ 'ಬ್ಲೂಸ್ ಹೆವನ್' ಅನ್ನೋ ಸಂಸ್ಥೆ ಕಟ್ಟಿದರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ 2120ನೇ ನಂಬರಿನ ಕಟ್ಟಡವನ್ನೇ ಕೊಂಡರು. ಈಗ ಅದು ಆ ಸಂಸ್ಥೆಯ ಮನೆ ಮತ್ತು ಮ್ಯೂಸಿಯಂ.

ಮಡ್ಡಿ ವಾಟರ್ಸ್ ಕೊನೆಯ ವರ್ಷಗಳನ್ನ ಎಲ್ಲಿ ಕಳೆದರು ಗೊತ್ತಾ? ವೆಸ್ಟ್‌ಮಾಂಟ್‌ನಲ್ಲಿ. ನೇಪರ್‌ವಿಲ್‌ನಿಂದ ಚಿಕಾಗೊಗೆ ಹೋಗೋ ನಮ್ಮ ಬಿಎನ್‌ಎಸ್‌ಎಫ್ ರೈಲು ಡೌನರ್ಸ್ ಗ್ರೋವ್ ದಾಟಿದ ಮೇಲೆ ನಿಲ್ಲುತ್ತಲ್ಲ, ಅದೇ ವೆಸ್ಟ್‌ಮಾಂಟ್. 1983ರ ಏಪ್ರಿಲ್ 30ರಂದು ಅಲ್ಲೇ ತೀರಿಕೊಂಡರು.

ಅವರು ಹೋಗುವ ಹೊತ್ತಿಗೆ ಚಿಕಾಗೊದಲ್ಲಿ ಇನ್ನೊಂದು ಸಂಗೀತ ಹುಟ್ಟಿತ್ತು, ಹೌಸ್. 'ವೇರ್‌ಹೌಸ್' ಅನ್ನೋ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಹಾಕ್ತಿದ್ದ ಹಾಡುಗಳಿಂದ ಬಂದ ಹೆಸರು. ಕುಣೀತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೊ ಸಲಿಂಗಿ ಯುವಕರು. ಮತ್ತೆ ಅದೇ ನಾಟಕ. 1987ರ ಜನವರಿಯಲ್ಲಿ ಚಿಕಾಗೊದ ಸ್ಟೀವ್ 'ಸಿಲ್ಕ್' ಹರ್ಲಿಯ 'ಜ್ಯಾಕ್ ಯುವರ್ ಬಾಡಿ' ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು, ಅಮೆರಿಕದ ನೂರರ ಪಟ್ಟಿಯಲ್ಲಿ ಅದರ ಸುಳಿವೂ ಇಲ್ಲ. ಮರುವರ್ಷ ಡೆಟ್ರಾಯಿಟ್ ಹುಡುಗರ ಹೊಸ ಸಂಗೀತವನ್ನ ಒಂದು ಬ್ರಿಟಿಷ್ ಕಂಪನಿ ಸಂಕಲನ ಮಾಡಿ ಹೊರತಂದಿತು, 'ಟೆಕ್ನೊ' ಅನ್ನೋ ಹೆಸರು ಜಗತ್ತಿಗೆ ಹಬ್ಬಿದ್ದು ಅದರಿಂದ.

ಆ ವೇರ್‌ಹೌಸ್ ಕಟ್ಟಡ ಇನ್ನೂ ಇದೆ, ಸೌತ್ ಜೆಫರ್ಸನ್ 206ನೇ ನಂಬರ್. 2023ರಲ್ಲಿ ಚಿಕಾಗೊ ನಗರ ಅದನ್ನ ಸಂರಕ್ಷಿತ ಸ್ಮಾರಕ ಮಾಡಿತು. ದಿನಾ ಯೂನಿಯನ್ ಸ್ಟೇಷನ್ನಿನಲ್ಲಿ ಇಳಿಯೋ ನೇಪರ್‌ವಿಲ್‌ನವರಿಗೆ ಕೆನಾಲ್ ಸ್ಟ್ರೀಟಿನಿಂದ ಪಶ್ಚಿಮಕ್ಕೆ ಎರಡೇ ಬ್ಲಾಕ್. ನಾವೆಲ್ಲ ಸ್ಟೇಷನ್ನಿಂದ ಹೊರಬಿದ್ದ ಕೂಡಲೇ ಆಫೀಸಿಗೆ ಅಂತ ಪೂರ್ವಕ್ಕೆ ತಿರುಗ್ತೀವಿ.